ದಾವಣಗೆರೆ ಪಿ.ಬಿ. ರೋಡ್ ಹತ್ರದ ಲೈನರ್ ಅಂಗಡಿ: ಅಂಬಾಸಿಡರ್ ಬ್ರೇಕ್ ಶೂ ಕೆಲಸ ಹೆಂಗಾಯ್ತು

ಅಂಬಾಸಿಡರ್, ಪದ್ಮಿನಿ, ಹಳೇ ಜೀಪು, ಹಿಂಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರೋ ಗಾಡಿ ಇಟ್ಕೊಂಡಿರೋರು ದಾವಣಗೆರೆಲಿ ಬ್ರೇಕ್ ಕೆಲಸ ನೆಟ್ಟಗೆ ಯಾರು ಮಾಡ್ತಾರೆ ಅಂತ ಕೇಳ್ತಾನೇ ಇರ್ತಾರೆ, ಅವರಿಗೋಸ್ಕರ ಇದನ್ನ ಬರೀತಿದೀನಿ. ಡ್ರಮ್ ಅಂದ್ರೆ ಚಕ್ರದ ಜೊತೆ ತಿರುಗೋ ಬಟ್ಟಲು, ಅದರೊಳಗೆ ಕಮಾನಿನಂಥ ಎರಡು ಶೂ, ಬ್ರೇಕ್ ಒತ್ತಿದ್ರೆ ಶೂ ಮೇಲಿರೋ ಲೈನರ್ ಪಟ್ಟಿ ಡ್ರಮ್ಮಿಗೆ ಒತ್ತಿ ಹಿಡಿಯುತ್ತೆ. ಅಂಗಡಿಗೆ ಬೋರ್ಡ್ ಇಲ್ಲ. ಪಿ.ಬಿ. ರೋಡಿಂದ ಒಳಕ್ಕೆ ಲಾರಿ ಗ್ಯಾರೇಜ್‌ಗಳು ಸಾಲಾಗಿರೋ ಕಡೆ ಒಂದು ತಗಡಿನ ಶೆಡ್ಡು, ಮುಂದೆ ಹಳೇ ಲಾರಿ ಡ್ರಮ್ ಪೇರಿಸಿಟ್ಟಿರ್ತಾರೆ, ಒಳಗೆ ಹೋದ್ರೆ ರಿವಿಟ್ ಹೊಡೆಯೋ ಸದ್ದು. ನಡೆಸೋರು ವಯಸ್ಸಾದ ಚಾಚಾ ಒಬ್ರು, ಜೊತೆಗೆ ಇಬ್ರು ಹುಡುಗ್ರು. ದಿನದ ಕೆಲಸ ಎಲ್ಲಾ ಲಾರಿ, ಟ್ರ್ಯಾಕ್ಟರ್ ಟ್ರೇಲರ್‌ದು. ಕಾರು ಅಪರೂಪಕ್ಕೆ, ಅದೂ ಹಳೇದಾದ್ರೆ ಮಾತ್ರ ಮುಟ್ತಾರೆ.

ನಮ್ಮದು ಅಪ್ಪಾಜಿ ತಗೊಂಡಿದ್ದ ಅಂಬಾಸಿಡರ್ ಮಾರ್ಕ್ 4, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗೇ ಇದ್ದ ಕಾಲದ ಗಾಡಿ, ಜಿಲ್ಲೆ ಆಗಿದ್ದು 1997ಕ್ಕೆ ತಾನೇ. ಬೂಸ್ಟರ್ ಇಲ್ಲ, ಕಾಲಿನ ಜೋರೇ ಬ್ರೇಕು. ಈ ಚಾಚಾ ಹತ್ರ ಹೋಗೋಕೆ ಮುಂಚೆ ಬೇರೆ ಒಂದು ಗ್ಯಾರೇಜಲ್ಲಿ, ಹೆಸರು ಬೇಡ ಬಿಡ್ರಿ, ನಾಲ್ಕೂ ಚಕ್ರಕ್ಕೆ ಹೊಸಾ ಶೂ ಹಾಕ್ಸಿದ್ವಿ. ಡಬ್ಬಿ ಒಡೆದ್ರು, ಹಳೇದು ಬಿಚ್ಚಿದ್ರು, ಹೊಸದು ಸಿಗಿಸಿದ್ರು, ಮಧ್ಯಾಹ್ನದೊಳಗೆ ಗಾಡಿ ಕೊಟ್ರು. ಅಲ್ಲಿಂದ ಶುರುವಾಯ್ತು ನೋಡ್ರಿ, ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೆಯೋದು, ನಿಲ್ಲೋವಾಗ ಕಿರ್ರ್ ಅನ್ನೋದು, ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗೋದು. ಕೇಳಿದ್ರೆ "ಹೊಸಾ ಶೂ ಸರ್, ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅಂದ್ರು. ಹೊಸಾ ಶೂ ಸ್ವಲ್ಪ ಓಡಿದ್ಮೇಲೆ ಸೆಟ್ ಆಗೋದು ನಿಜ, ಆದ್ರೆ ಅದು ಆಗಲೇ ಸರಿಯಾಗಿ ಕೂತಿರೋ ಶೂ ಇನ್ನೊಂಚೂರು ಉಜ್ಜಿ ಹೊಂದ್ಕೊಳ್ಳೋ ಮಾತು, ಕೂತೇ ಇಲ್ದಿರೋ ಶೂಗೆ ಓಡ್ಸಿದ್ರೆ ಏನೂ ಆಗಲ್ಲ.

ಚಾಚಾ ಗಾಡಿ ಓಡಿಸಿ ನೋಡ್ಲಿಲ್ಲ. ಮುಂದಿನ ಚಕ್ರ ಬಿಚ್ಚಿ, ಡ್ರಮ್ಮಿನ ಸ್ಕ್ರೂ ಬಿಚ್ಚಿ ಡ್ರಮ್ ಎಳೆದು, ಶೂ ಮೇಲೆಲ್ಲಾ ಸೀಮೆಸುಣ್ಣ ಉಜ್ಜಿದ್ರು. ಮತ್ತೆ ಡ್ರಮ್ ಹಾಕಿ, ಹುಡುಗನ ಕೈಲಿ ಪೆಡಲ್ ಮೆಲ್ಲಗೆ ಒತ್ತಿಸಿ, ಕೈಯಲ್ಲೇ ಡ್ರಮ್ ತಿರುಗಿಸಿ, ವಾಪಸ್ ತೆಗೆದು ತೋರ್ಸಿದ್ರು. ಶೂ ನಡುವೆ ಎರಡು ಬೆರಳಗಲ ಮಾತ್ರ ಸುಣ್ಣ ಅಳಿಸಿತ್ತು, ಮಿಕ್ಕಿದ್ದೆಲ್ಲ ಬಿಳೀಗೆ ಹಂಗೇ ಇತ್ತು. "ಇಷ್ಟರಲ್ಲೇ ನಿಮ್ ಗಾಡಿ ನಿಲ್ತಿತ್ತು ಸಾಬ್, ಉಳಿದ ಲೈನರ್‌ಗೆ ಸುಮ್ನೆ ದುಡ್ಡು ಕೊಟ್ಟೀರಿ" ಅಂದ್ರು.

ಯಾಕೆ ಹಿಂಗೆ ಅಂದ್ರೆ, ನಮ್ಮ ಡ್ರಮ್ಮಿಗೆ ಹಿಂದೆ ಯಾವಾಗ್ಲೋ ಲೇತ್ ಹಿಡಿಸಿದಾರೆ, ಅಂದ್ರೆ ಒಳಮೈ ಕೆರೆಸಿ ನುಣ್ಣಗೆ ಮಾಡಿಸಿದಾರೆ, ಒಳಗಿನ ಸುತ್ತಳತೆ ದೊಡ್ಡದಾಗಿದೆ. ಡಬ್ಬೀಲಿ ಬರೋ ಶೂ ಹೊಸಾ ಡ್ರಮ್ಮಿನ ಅಳತೆಗೆ ಮಾಡಿದ್ದು. ದೊಡ್ಡ ಸುತ್ತಿನೊಳಗೆ ಸಣ್ಣ ಸುತ್ತಿನ ಕಮಾನು ಇಟ್ರೆ ಅದು ನಡುವೆ ಮಾತ್ರ ತಾಗುತ್ತೆ, ಎರಡೂ ತುದಿ ಗಾಳೀಲಿ ಇರುತ್ತೆ. ಕಾಲಲ್ಲಿ ಎಷ್ಟು ಒತ್ತಿದ್ರೂ ಹಿಡಿಯೋ ಜಾಗ ಅಷ್ಟೇ, ಆ ಜಾಗ ಸುಟ್ಟು ಹೊಳಪು ಬರುತ್ತೆ, ಆಮೇಲೆ ಇನ್ನೂ ಜಾರುತ್ತೆ. ಇದರ ಉಲ್ಟಾ ಕೇಸೂ ಇದೆ, ಶೂ ಸುತ್ತು ಡ್ರಮ್ಮಿಗಿಂತ ದೊಡ್ಡದಿದ್ರೆ ತುದಿಗಳು ಮೊದಲು ತಾಗ್ತವೆ, ಅದು ಇನ್ನೂ ಡೇಂಜರ್. ಮೆಲ್ಲಗೆ ಒತ್ತಿದ್ರೂ ಗಬಕ್ಕನೆ ಹಿಡ್ಕೊಳ್ಳುತ್ತೆ, ಸದ್ದೂ ಜಾಸ್ತಿ. ಸರಿಯಾಗಿರ್ಬೇಕು ಅಂದ್ರೆ ನಡುವೆ ಒಂಚೂರು ಮೊದಲು ತಾಗಿ, ತುದೀಲಿ ಕಾಗದ ಹೋಗೋವಷ್ಟು ಸಂದಿ ಇರ್ಬೇಕು, ಓಡ್ತಾ ಓಡ್ತಾ ಪೂರ್ತಿ ತಾಗುತ್ತೆ. ಈ ಅಳತೆ ನೋಡೋದೇ ಶೂ ಕೂರಿಸೋ ಕೆಲಸ, ಮಿಕ್ಕಿದ್ದು ಬಿಚ್ಚೋದು ಹಾಕೋದು ಅಷ್ಟೇ. ಈ ಅಂಗಡಿಗೆ ನಾನು ಮಾರ್ಕ್ಸ್ ಕೊಡೋದು ಇದೊಂದಕ್ಕೇ.

ಅದಕ್ಕೆ ಅವರು ಮಾಡಿದ್ದೇನು ಅಂದ್ರೆ ಡಬ್ಬಿ ಶೂಗಳನ್ನ ಪಕ್ಕಕ್ಕಿಟ್ಟು, ನಮ್ಮ ಗಾಡಿದೇ ಹಳೇ ಶೂ ತರಿಸ್ಕೊಂಡ್ರು. ಪುಣ್ಯಕ್ಕೆ ಅಪ್ಪಾಜಿ ಬಿಸಾಡಿರ್ಲಿಲ್ಲ, ನಮ್ಮನೇಲಿ ಏನನ್ನೂ ಬಿಸಾಡಲ್ಲ ಅದು ಬೇರೆ ಮಾತು. ಹಳೇ ಕಬ್ಬಿಣದ ಶೂ ದಪ್ಪ, ಬಾಗಿರ್ಲಿಲ್ಲ, ಡಬ್ಬಿ ಶೂನ ತಗಡು ತೆಳು ಅಂತ ಚಾಚಾಗೆ ಮೊದಲೇ ಸಿಟ್ಟು. ಹಳೇ ಲೈನರ್ ತೆಗೆದು, ಶೂ ಉಜ್ಜಿ ತುಕ್ಕು ತೆಗೆದು, ಮಾಮೂಲಿಗಿಂತ ಸ್ವಲ್ಪ ದಪ್ಪದ ಲೈನರ್ ಹಾಕಿ ರಿವಿಟ್ ಹೊಡೆದ್ರು. ರಿವಿಟ್ ಹೊಡೆಯೋದನ್ನ ನಿಂತು ನೋಡ್ದೆ, ನಡುವಿನ ತೂತಿಂದ ಶುರು ಮಾಡಿ ಎರಡೂ ತುದಿಗೆ ಹೋಗ್ತಾರೆ, ತುದಿಯಿಂದ ಶುರು ಮಾಡಿದ್ರೆ ನಡುವೆ ಲೈನರ್ ಉಬ್ಬಿ ಶೂಗೂ ಲೈನರಿಗೂ ಮಧ್ಯೆ ಗಾಳಿ ಉಳಿಯುತ್ತೆ, ಆಮೇಲೆ ಪೆಡಲ್ ಸ್ಪಾಂಜ್ ಥರ ಆಗುತ್ತೆ, ಲೈನರ್ ಸೀಳಲೂಬಹುದು. ರಿವಿಟ್ ತಲೆ ಲೈನರ್ ಮೇಲ್ಮೈಯಿಂದ ಚೆನ್ನಾಗಿ ಒಳಗೆ ಇರ್ಬೇಕು, ಸವೆದು ತಲೆ ಹತ್ರ ಬಂತು ಅಂದ್ರೆ ಬದಲಾಯಿಸೋ ಟೈಮು, ಇಲ್ಲಾಂದ್ರೆ ರಿವಿಟ್ಟೇ ಡ್ರಮ್ ಕೆರೆಯುತ್ತೆ. ಆಮೇಲೆ ಡ್ರಮ್ಮಿನ ಅಳತೆ ಹಿಡಿದು ಆ ಸುತ್ತಿಗೆ ಲೈನರ್ ಗ್ರೈಂಡ್ ಮಾಡಿ, ಎರಡೂ ತುದಿಯ ಚೂಪನ್ನ ಅರ ಹಾಕಿ ಇಳಿಜಾರು ಮಾಡಿದ್ರು. ಕಿರ್ರ್ ಅನ್ನೋದಕ್ಕೆ ಅರ್ಧ ಕಾರಣ ಆ ಚೂಪು ಅಂಚೇ ಅಂತೆ.

ಡ್ರಮ್ ಟರ್ನಿಂಗ್ ಪಕ್ಕದ ವರ್ಕ್‌ಶಾಪಲ್ಲಿ. ಲೇತ್ ನೋಡಿ ಖುಷಿ ಆಯ್ತು, ಹರಿಹರದ ಮೈಸೂರು ಕಿರ್ಲೋಸ್ಕರ್‌ದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ಯಾವ ಕಾಲ ಆಯ್ತು, ಆದ್ರೂ ಇಲ್ಲಿಂದ ಹದಿನಾಲ್ಕು ಕಿಲೋಮೀಟರ್ ಆಚೆ ಹುಟ್ಟಿದ ಮಷೀನು ಇನ್ನೂ ತಿರುಗ್ತಾನೇ ಇದೆ. ಮುಂದಿನ ಎರಡೂ ಡ್ರಮ್ ಒಂದೇ ಅಳತೆಗೆ ಬರೋ ಹಂಗೆ ಹಿಡಿದ್ರು, ಒಂದಕ್ಕೆ ಕೆಲಸ ಬೇಕಿಲ್ಲ ಅಂತ ಬಿಟ್ರೆ ಎಡಕ್ಕೊಂದು ಬಲಕ್ಕೊಂದು ಹಿಡಿತ ಆಗುತ್ತೆ. ಹಿಂದಿನ ಬಲಗಡೆ ಡ್ರಮ್ ಮಾತ್ರ ಆಗಲೇ ಮಿತಿ ದಾಟಿತ್ತು. ಕಾರ್ ಡ್ರಮ್ ಹೊಸಾ ಅಳತೆಗಿಂತ ಒಂದೂವರೆ ಮಿಲಿಮೀಟರ್ ಮೇಲೆ ದೊಡ್ಡದು ಮಾಡಬಾರದು ಅಂತ ಲೇತಿನೋರ ಲೆಕ್ಕ, "ಇನ್ನೊಂದು ಸಲ ಹಿಡಿದ್ರೆ ಹಪ್ಪಳ ಆಗುತ್ತೆ, ನಾ ಮಾಡಲ್ಲ" ಅಂತ ಕಡ್ಡಿ ಮುರಿದಂಗೆ ಹೇಳಿದ್ರು. ತೆಳು ಆದ ಡ್ರಮ್ ಬೇಗ ಕಾಯುತ್ತೆ, ಕಾದ್ರೆ ಹಿಗ್ಗುತ್ತೆ, ಹಿಗ್ಗಿದ್ರೆ ಶೂಯಿಂದ ದೂರ ಹೋಗುತ್ತೆ, ಘಾಟಿ ಇಳಿಯೋವಾಗ ಪೆಡಲ್ ಕೆಳಕ್ಕೆ ಕೆಳಕ್ಕೆ ಹೋಗೋದು ಇದಕ್ಕೇ. ಇನ್ನೊಂದು ಡ್ರಮ್ ಗುಜರಿಲಿ ಹುಡುಕೋಕೆ ನಾನೇ ಅಲೆದಾಡ್ಬೇಕಾಯ್ತು. 2014ಕ್ಕೆ ಉತ್ತರಪಾರಾ ಕಾರ್ಖಾನೇಲಿ ಅಂಬಾಸಿಡರ್ ಮಾಡೋದು ನಿಂತ್ಮೇಲೆ ಒಳ್ಳೇ ಡ್ರಮ್ ಸಿಗೋದೇ ಕಷ್ಟ, ಸಿಕ್ಕಿದ್ದಕ್ಕೂ ಅಳತೆ ನೋಡ್ದೇ ದುಡ್ಡು ಕೊಡಬೇಡ್ರಿ.

ಈಗ ಎಡಕ್ಕೆ ಎಳೆಯೋ ವಿಷಯ. ನಾನು ಎಡಗಡೆ ಚಕ್ರದಲ್ಲೇ ಏನೋ ಇದೆ ಅಂತ ಹೇಳ್ತಾ ಇದ್ರೆ ಚಾಚಾ ಬಲಗಡೆ ಬಿಚ್ತಾ ಇದ್ರು. ಗಾಡಿ ಯಾವ ಕಡೆ ಎಳೆಯುತ್ತೋ ಆ ಕಡೆ ಬ್ರೇಕ್ ಹಿಡೀತಿದೆ ಅಂತ ಅರ್ಥ, ಹಿಡೀದೇ ಇರೋದು ಇನ್ನೊಂದು ಕಡೆ ಇರ್ಬಹುದಲ್ವಾ. ಅಂಬಾಸಿಡರ್ ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ವೀಲ್ ಸಿಲಿಂಡರ್ (ಬ್ರೇಕ್ ಆಯಿಲ್ ಒತ್ತಡಕ್ಕೆ ಶೂನ ಡ್ರಮ್ ಕಡೆ ತಳ್ಳೋದು), ಎರಡೂ ಶೂ ಲೀಡಿಂಗ್. ಅಂದ್ರೆ ಡ್ರಮ್ ತಿರುಗೋ ದಿಕ್ಕೇ ಶೂನ ತನ್ನ ಕಡೆ ಎಳ್ಕೊಂಡು ಇನ್ನೂ ಬಿಗಿ ಮಾಡುತ್ತೆ, ಬೂಸ್ಟರ್ ಇಲ್ಲದೇನೂ ಇಷ್ಟು ಭಾರದ ಗಾಡಿ ನಿಲ್ಲೋದು ಆ ಎಳೆತದಿಂದ. ನಮ್ಮ ಬಲಗಡೆ ಎರಡರಲ್ಲಿ ಒಂದು ಸಿಲಿಂಡರಿನ ಪಿಸ್ಟನ್ ತುಕ್ಕಿಗೆ ಕಚ್ಕೊಂಡಿತ್ತು, ಹಂಗಾಗಿ ಆ ಕಡೆ ಅರ್ಧ ಬ್ರೇಕು. ಮೊದಲಿನ ಗ್ಯಾರೇಜಿನೋರು ಶೂ ಹಾಕೋವಾಗ ಪಿಸ್ಟನ್ ಅಲ್ಲಾಡುತ್ತಾ ಅಂತ ಕೂಡ ನೋಡಿಲ್ಲ. ಇಷ್ಟೇ ಅಲ್ಲ, ಒಂದು ಕಡೆ ರಿಟರ್ನ್ ಸ್ಪ್ರಿಂಗನ್ನ, ಬ್ರೇಕ್ ಬಿಟ್ಟಾಗ ಶೂನ ವಾಪಸ್ ಎಳೆಯೋದನ್ನ, ಶೂ ಮುಂದುಗಡೆ ಸಿಗಿಸಿದ್ರು. ಅದು ಶೂ ಹಿಂದೆ, ಶೂಗಳು ಕೂರೋ ತಟ್ಟೆ ಅಂದ್ರೆ ಬ್ಯಾಕ್ ಪ್ಲೇಟ್ ಕಡೆ ಬರ್ಬೇಕು, ಮುಂದೆ ಹಾಕಿದ್ರೆ ಹಬ್ಬಿಗೆ ಉಜ್ಜುತ್ತೆ. ಉಜ್ಜಿ ಅರ್ಧ ಸವೆದಿತ್ತು ಆಗಲೇ. ಚಾಚಾ ಪದ್ಧತಿ ಏನಂದ್ರೆ ಎರಡೂ ಕಡೆ ಒಟ್ಟಿಗೆ ಬಿಚ್ಚಲ್ಲ, ಒಂದು ಕಡೆ ಹಂಗೇ ಇಟ್ಟು ಇನ್ನೊಂದು ಕಡೆ ಕೆಲಸ, ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಡೌಟ್ ಬಂದ್ರೆ ಎದ್ದು ಹೋಗಿ ನೋಡ್ಕೊಂಡು ಬರ್ತಾರೆ. ಮನೇಲಿ ಮಾಡ್ಕೊಳ್ಳೋರಿಗೆ ಇದು ಭಾಳ ಉಪಯೋಗ, ಫೋನಲ್ಲಿ ಫೋಟೋನೂ ತೆಗೆದಿಟ್ಕೊಳ್ರಿ.

ಬ್ಯಾಕ್ ಪ್ಲೇಟಲ್ಲಿ ಶೂ ಅಂಚು ಕೂರೋ ಉಬ್ಬು ಜಾಗ ಇರ್ತವಲ್ಲ, ಅಲ್ಲಿ ಹಳೇ ಗಾಡೀಲಿ ಗೀರು ಬಿದ್ದು ಹಳ್ಳ ಆಗಿರುತ್ತೆ. ಶೂ ಆ ಹಳ್ಳಕ್ಕೆ ಸಿಕ್ಕಾಕ್ಕೊಂಡ್ರೆ ಬ್ರೇಕ್ ಬಿಟ್ರೂ ವಾಪಸ್ ಬರಲ್ಲ. ಅವನ್ನ ಅರ ಹಾಕಿ ನುಣ್ಣಗೆ ಮಾಡಿ, ಬಿಸಿಗೆ ಕರಗದ ಗ್ರೀಸ್ ಬೆರಳ ತುದೀಲಿ ಒಂಚೂರೇ ಚೂರು ಸವರಿದ್ರು, ಶೂ ತುದಿ ಜಾರೋ ಕಡೆನೂ ಅಷ್ಟೇ. ಬೇರಿಂಗಿಗೆ ಹಾಕೋ ಗ್ರೀಸ್ ಹಾಕಿದ್ರೆ ಕಾದು ಹರಿದು ಲೈನರಿಗೇ ಹೋಗುತ್ತೆ. ಹುಡುಗ ಗ್ರೀಸ್ ಕೈಯಲ್ಲೇ ಲೈನರ್ ಮುಟ್ಟೋಕೆ ಹೋದ, ಬೈಸ್ಕೊಂಡ.

ವೀಲ್ ಸಿಲಿಂಡರ್ ರಬ್ಬರ್ ಕಿಟ್ ಎಲ್ಲಾ ಹೊಸದು. ರಬ್ಬರಿಗೆ ಡೀಸೆಲ್, ಪೆಟ್ರೋಲ್ ಒಂದು ಹನಿನೂ ತಾಗಿಸ್ಬಾರದು, ಉಬ್ಬಿ ಹಾಳಾಗುತ್ತೆ, ಬ್ರೇಕ್ ಆಯಿಲಲ್ಲೇ ಅದ್ದಿ ಹಾಕ್ಬೇಕು. ನಮ್ಮ ಕಡೆ ಎಷ್ಟೋ ಗ್ಯಾರೇಜಲ್ಲಿ ಎಲ್ಲಾ ಒಂದೇ ಡೀಸೆಲ್ ತಟ್ಟೇಲಿ ತೊಳೀತಾರಲ್ಲ, ಅಲ್ಲಿ ಹುಷಾರು. ಇಲ್ಲಿ ಸ್ಪಿರಿಟ್ ಇಟ್ಕೊಂಡಿದಾರೆ. ಇನ್ನೊಂದು ಒಳ್ಳೇದು ನೋಡಿದ್ದು, ಡ್ರಮ್ ಒಳಗಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯಲ್ಲ, ಒದ್ದೆ ಬ್ರಷ್ಷಲ್ಲಿ ತೊಳೀತಾರೆ. ಹಳೇ ಲೈನರಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ಎಷ್ಟೋ ವರ್ಷ ಬಿಟ್ಟು ಕಾಯಿಲೆ ತರುತ್ತೆ. ಆದ್ರೆ ಲೈನರ್ ಗ್ರೈಂಡ್ ಮಾಡೋ ಹುಡುಗ ಮೂಗಿಗೆ ಕಟ್ಕೊಂಡಿದ್ದು ಬರೀ ಕರ್ಚೀಫು, ಅದನ್ನ ಹೇಳಿದ್ದಕ್ಕೆ ಚಾಚಾ ನಕ್ಕು ಸುಮ್ನಾದ್ರು. ಇದು ನನಗೆ ಹಿಡಿಸ್ಲಿಲ್ಲ.

ಹಿಂದಿನ ಎಡಗಡೆ ಆಕ್ಸಲ್ ಸೀಲ್ ಲೀಕಾಗಿ ಲೈನರ್ ಆಯಿಲ್ ಕುಡಿದಿತ್ತು. ಇದನ್ನ ಒಲೆ ಮೇಲಿಟ್ಟು ಸುಟ್ಟೋ, ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿಯೋ ವಾಪಸ್ ಹಾಕೋರನ್ನ ನಾನು ಕಂಡಿದೀನಿ, ಮೇಲೆ ಒಣಗಿದಂಗೆ ಕಾಣುತ್ತೆ, ಬಿಸಿ ಆದ ತಕ್ಷಣ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತೆ. ಚಾಚಾ ನೋಡಿದ ತಕ್ಷಣ ಬಿಸಾಕಿದ್ರು, ಸೀಲ್ ಹಾಕೋವರೆಗೂ ಹೊಸಾ ಶೂ ಹಾಕಲ್ಲ ಅಂದ್ರು. ಸೀಲ್ ಕೆಲಸ ಅವರು ಮಾಡಲ್ಲ, ಅದಕ್ಕೆ ಬೇರೆ ಮೇಸ್ತ್ರಿನ ಕರೆಸ್ಕೊಂಡು ಅಲ್ಲೇ ಮಾಡ್ಸಿದ್ದು.

ಅಡ್ಜಸ್ಟ್‌ಮೆಂಟ್, ಅಂದ್ರೆ ಶೂಗೂ ಡ್ರಮ್ಮಿಗೂ ಮಧ್ಯದ ಸಂದಿ ಸರಿ ಮಾಡೋ ವಿಷಯಕ್ಕೆ ಬಂದ್ರೆ ಮುಂದಿನ ಚಕ್ರಕ್ಕೆ ಎರಡು, ಹಿಂದಿನ ಚಕ್ರಕ್ಕೆ ಒಂದು ಅಡ್ಜಸ್ಟರ್, ಡ್ರಮ್ ತೂತಲ್ಲಿ ಸ್ಕ್ರೂಡ್ರೈವರ್ ಹಾಕಿ ತಿರುಗಿಸೋದು. ಚಕ್ರ ಲಾಕ್ ಆಗೋವರೆಗೆ ಬಿಗಿ ಮಾಡಿ ಒಂದು ಕಟ್ ವಾಪಸ್. ಒಂದ್ಸಲ ಮಾಡಿ ಬಿಡಲ್ಲ ಇವರು, ಪೆಡಲ್ ಜೋರಾಗಿ ಒತ್ತಿಸ್ತಾರೆ, ಆಗ ಶೂ ತಾನೇ ನಡುವಿಗೆ ಸರಿದು ಕೂರುತ್ತೆ, ಮತ್ತೆ ಅಡ್ಜಸ್ಟ್. ಹಿಂದಿನ ಚಕ್ರ ಮಾಡೋವಾಗ ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟಿರ್ಬೇಕು, ಕೇಬಲ್ ಬಿಗಿ ಮಾಡೋದು ಎಲ್ಲಾ ಆದ್ಮೇಲೆ. ಕೇಬಲ್ ಎಳೆದು ಶೂ ಸಂದಿ ಮುಚ್ಚಿದ್ರೆ ಹ್ಯಾಂಡ್ ಬ್ರೇಕ್ ಚೆನ್ನಾಗಿ ಹಿಡೀತು ಅನ್ಸುತ್ತೆ, ಪೆಡಲ್ ಮಾತ್ರ ಕೆಳಗೇ ಇರುತ್ತೆ. ಬ್ರೇಕ್ ಪೈಪಲ್ಲಿ ಸೇರ್ಕೊಂಡ ಏರ್ ತೆಗೆಯೋದು ಮಾಮೂಲಿ, ದೂರದ ಚಕ್ರ ಹಿಂದಿನ ಎಡದಿಂದ ಶುರು.

ಗಾಡಿ ಕೊಡೋವಾಗ ಚಾಚಾ ಪಕ್ಕದ ಸೀಟಲ್ಲಿ ಕೂತು ಬಾತಿ ಕಡೆ ಕರ್ಕೊಂಡು ಹೋದ್ರು. ರಸ್ತೆ ಖಾಲಿ ಇದ್ದ ಕಡೆ 50ರ ಸ್ಪೀಡಿಂದ 20ಕ್ಕೆ ಮೆಲ್ಲಗೆ ಇಳಿಸು, ಬಿಡು, ಸ್ವಲ್ಪ ದೂರ ತಣ್ಣಗಾಗೋಕೆ ಬಿಡು, ಮತ್ತೆ ಇಳಿಸು, ಹಿಂಗೇ ಹೋಗಿ ಬಂದ್ವಿ. ಮೊದಲ ಮುನ್ನೂರು ಕಿಲೋಮೀಟರ್ ಗಕ್ಕನೆ ಬ್ರೇಕ್ ಹಾಕ್ಬೇಡ, ಕಾದ ಡ್ರಮ್ಮಿಗೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸ್ಬೇಡ, ಅದಾದ್ಮೇಲೆ ಒಂದ್ಸಲ ತಗೊಂಡ್ ಬಾ ಅಡ್ಜಸ್ಟ್ ಮಾಡ್ಕೊಡ್ತೀನಿ ಅಂದ್ರು. ತಗೊಂಡ್ ಹೋದೆ, ದುಡ್ಡು ತಗೊಳ್ಲಿಲ್ಲ.

ಈಗ ಹೆಂಗಿದೆ ಅಂದ್ರೆ, ಚಿತ್ರದುರ್ಗಕ್ಕೆ ಎನ್‌ಎಚ್ 48ರಲ್ಲಿ ಹೋಗಿ ಬಂದೆ, ಭರಮಸಾಗರದ ಹತ್ರ ಹಸು ಅಡ್ಡ ಬಂದಾಗ ಗಾಡಿ ನೆಟ್ಟಗೆ ನಿಂತ್ತು, ಸ್ಟೇರಿಂಗ್ ಆ ಕಡೆ ಈ ಕಡೆ ಹೋಗ್ಲಿಲ್ಲ. ಪೆಡಲ್ ಮೇಲೇ ಸಿಗುತ್ತೆ. ಕಿರ್ರ್ ಸದ್ದು ಬೆಳಗ್ಗೆ ತೇವಕ್ಕೆ ಒಂದೆರಡು ಸಲ ಬಿಟ್ರೆ ಇಲ್ಲ. ಡಿಸ್ಕ್ ಬ್ರೇಕ್ ಥರ ನಿಲ್ಲುತ್ತಾ ಅಂದ್ರೆ ನಿಲ್ಲಲ್ಲ, ಮುಂದಿನ ಗಾಡಿಗೆ ಜಾಸ್ತಿ ಗ್ಯಾಪ್ ಬಿಡಲೇಬೇಕು. ಕೋಟೆ ಹತ್ರದ ಏರಲ್ಲಿ ನಿಂತಾಗ ಗಾಡಿ ಹಿಂದಕ್ಕೆ ಜಾರೋಕೆ ನೋಡಿದ್ರೆ ಪೆಡಲ್ ಇನ್ನೂ ಜೋರಾಗಿ ಒತ್ತಬೇಕಾಗುತ್ತೆ. ಕೆಲಸ ಕೆಟ್ಟಿದೆ ಅಂದ್ಕೋಬೇಡ್ರಿ, ಮುಂದಿನ ಎರಡೂ ಶೂ ಮುಂದಕ್ಕೆ ಹೋಗೋವಾಗ ಲೀಡಿಂಗ್ ಆದ್ರೆ ಹಿಂದಕ್ಕೆ ಹೋಗೋವಾಗ ಎರಡೂ ಟ್ರೇಲಿಂಗ್, ಡ್ರಮ್ ಎಳ್ಕೊಳ್ಳೋ ಬದಲು ತಳ್ಳುತ್ತೆ. ಏರಲ್ಲಿ ಹ್ಯಾಂಡ್ ಬ್ರೇಕ್ ಬಳಸ್ರಿ, ಅದಕ್ಕೇ ಇರೋದು.

ದುಡ್ಡು ನಾಲ್ಕು ಚಕ್ರಕ್ಕೆ ಲೈನರ್, ರಬ್ಬರ್ ಕಿಟ್, ಟರ್ನಿಂಗ್, ಕೂಲಿ ಎಲ್ಲಾ ಸೇರಿ ಆರು ಸಾವಿರದ ಆಸುಪಾಸು, ಗುಜರಿ ಡ್ರಮ್ಮೂ ಆಕ್ಸಲ್ ಸೀಲೂ ಬೇರೆ. ಮೊದಲಿನ ಗ್ಯಾರೇಜಿಗೆ ಕೊಟ್ಟಿದ್ದೂ ಹೆಚ್ಚೂ ಕಮ್ಮಿ ಇಷ್ಟೇ, ಅದಕ್ಕೇ ಹೊಟ್ಟೆ ಉರಿಯೋದು.

ಸರಿ ಇಲ್ಲದ್ದೂ ಹೇಳ್ಬೇಕಲ್ಲ. ಬಿಲ್ ಇಲ್ಲ, ಕೇಳಿದ್ರೆ ಸಿಗರೇಟ್ ಪ್ಯಾಕ್ ಹಿಂದೆ ಬರೆದು ಕೊಡ್ತಾರೆ. ಫೋನ್ ಎತ್ತಲ್ಲ. ನಾಳೆ ಅಂದ್ರೆ ನಾಳೆ ಅಲ್ಲ, ಒಂದು ಲಾರಿ ಬಂತು ಅಂದ್ರೆ ನಿಮ್ಮ ಕಾರು ಜಾಕಿ ಮೇಲೆ ಹಂಗೇ ನಿಂತಿರುತ್ತೆ, ಡ್ರೈವರ್ ಲೋಡ್ ಹಾಕ್ಕೊಂಡು ಕಾಯ್ತಿರ್ತಾನೆ ಅವನಿಗೆ ಮೊದಲು ಅಂತ ಮುಖದ ಮೇಲೇ ಹೇಳ್ತಾರೆ. ನ್ಯಾಯನೇ, ಆದ್ರೂ ನಮಗೆ ಕಷ್ಟ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿದ್ರೆ ಸಂಜೆನೇ ತೆಗೆಯೋದು. ಕೂರೋಕೆ ಜಾಗ ಇಲ್ಲ, ಟಯರ್ ಮೇಲೆ ಕೂತ್ಕೋಬೇಕು, ಎದುರುಗಡೆ ಗಾಡೀಲಿ ಮಂಡಕ್ಕಿ ಮೆಣಸಿನಕಾಯಿ ಸಿಗುತ್ತೆ ಅದೊಂದೇ ಸಮಾಧಾನ.

ನನಗೆ ನಿಜವಾಗ್ಲೂ ಬೇಜಾರಾಗಿದ್ದು ಪೇಂಟಿಗೆ. ಏರ್ ತೆಗೆಯೋವಾಗ ಹುಡುಗ ಬ್ರೇಕ್ ಆಯಿಲ್ ಬಾಟ್ಲಿ ಮಡ್‌ಗಾರ್ಡ್ ಮೇಲಿಟ್ಟು ಚೆಲ್ಲಿದ, ಬಟ್ಟೇಲಿ ಒರೆಸಿ ಸುಮ್ನಾದ. ಬ್ರೇಕ್ ಆಯಿಲ್ ಬಿದ್ರೆ ತಕ್ಷಣ ನೀರು ಸುರಿದು ತೊಳೀಬೇಕು, ಒರೆಸಿದ್ರೆ ಸಾಲಲ್ಲ, ಈಗ ಅಲ್ಲಿ ಅಂಗೈಯಗಲ ಪೇಂಟ್ ಎದ್ದಿದೆ. ಚಾಚಾಗೆ ತೋರ್ಸಿದ್ರೆ "ಬ್ರೇಕ್ ಹಿಡೀತಾ ಐತೋ ಇಲ್ಲೋ" ಅಂತ ನನ್ನನ್ನೇ ಕೇಳಿದ್ರು. ಹಬ್ ಕ್ಯಾಪ್ ಮೇಲೂ ಸ್ಕ್ರೂಡ್ರೈವರ್ ಗೀರು ಇದಾವೆ. ಪೇಂಟ್ ಮಾಡಿಸಿ ಶೋಗೆ ಇಟ್ಕೊಂಡಿರೋ ಗಾಡಿ ಆದ್ರೆ ಹಳೇ ಬೆಡ್‌ಶೀಟ್ ತಗೊಂಡು ಹೋಗಿ ಮಡ್‌ಗಾರ್ಡ್ ಮುಚ್ರಿ, ಹಬ್ ಕ್ಯಾಪ್ ಮನೇಲೇ ಬಿಚ್ಚಿಟ್ಟು ಹೋಗ್ರಿ, ಹತ್ರ ಒಂದು ಬಕೆಟ್ ನೀರು ಇಟ್ಕೊಳ್ರಿ.

ಹೋಗೋದಾದ್ರೆ ಸೋಮವಾರ ಬಿಟ್ಟು ಬೆಳಗ್ಗೆ ಒಂಬತ್ತರೊಳಗೆ ಹೋಗ್ರಿ, ಹಳೇ ಶೂ ಇದ್ರೆ ಜೊತೆಗೆ ಒಯ್ರಿ. ಡ್ರಮ್ ಹಿಡಿಯೋ ಸ್ಕ್ರೂ ಹಳೇ ಗಾಡೀಲಿ ತಲೆ ಹೋಗಿರೋದೇ ಜಾಸ್ತಿ, ಹೊಸದು ನಾಲ್ಕಾರು ಜೇಬಲ್ಲಿರ್ಲಿ, ಅಂಗಡೀಲಿ ಸಿಗಲ್ಲ.